ಸೋಯಾ ಪಟ್ಟಿಗಳು: 38ನೇ ದಿನ

ಬೈಲಹೊಂಗಲ ಕಡೆಯ ನಮ್ಮ ಎರೆ ಹೊಲದ ಮೂಲೆಯಲ್ಲಿ ಈ ಮುಂಗಾರಿಗೆ ಮೂರು ಸಣ್ಣ ಪಟ್ಟಿ ಬಿತ್ತಿದ್ದೆ. ಮೂರಕ್ಕೂ ಜೆಎಸ್ 335 ಅನ್ನೋ ಸೋಯಾ ತಳಿಯ ಬೀಜ, ಸಾಲಿನಿಂದ ಸಾಲಿಗೆ 30 ಸೆಂ.ಮೀ. ಮೊದಲನೆಯದರಲ್ಲಿ ಕಳೆ ಏಳೋಕೇ ಬಿಟ್ಟಿಲ್ಲ. ಎರಡನೆಯದನ್ನು 30ನೇ ದಿನ ಕಳೆ ತೆಗೆದು ಹಸನು ಮಾಡಿದೆ. ಮೂರನೆಯದಕ್ಕೆ ಕೈಯೇ ಹಚ್ಚಿಲ್ಲ. "ಕಸ ಬಿಟ್ಟು ಏನ್ ನೋಡ್ತಿಯೋ?" ಅಂತ ಅಪ್ಪ ದಿನಾ ಕೇಳುತ್ತಾರೆ.

ಇವತ್ತು ಒಂದೊಂದು ಪಟ್ಟಿಯಿಂದ ಎರಡೆರಡು ಗಿಡ ಕಿತ್ತು, ಬೇರು ತೊಳೆದು ಕಟ್ಟೆಯ ಮೇಲೆ ಸಾಲಾಗಿ ಇಟ್ಟೆ. ಎಲ್ಲಕ್ಕಿಂತ ಎತ್ತರ ಇದ್ದದ್ದು ಕಳೆ ತುಂಬಿದ ಪಟ್ಟಿಯದ್ದು! ಆದರೆ ಕಾಂಡ ತೆಳ್ಳಗೆ, ಕವಲು ಕಡಿಮೆ, ಕೆಳಗಿನ ಎಲೆ ಹಳದಿ. ಹಸಿರೆಲೆ ಬಿಸಿಲಿನ ಕೆಂಪು ಬೆಳಕನ್ನು ಹೀರಿಕೊಂಡು, ನಮ್ಮ ಕಣ್ಣಿಗೆ ಅಷ್ಟಾಗಿ ಕಾಣದ ದೂರಗೆಂಪು ಬೆಳಕನ್ನು ಹೊರಗೆ ಚೆಲ್ಲುತ್ತದೆ. ಪಕ್ಕದಲ್ಲಿ ಯಾರೋ ಬಂದರು ಅಂತ ಸೋಯಾಕ್ಕೆ ಗೊತ್ತಾಗೋದು ಇದರಿಂದಲೇ. ಮೈಮೇಲೆ ನೆರಳು ಬೀಳುವ ಮೊದಲೇ ಅದು ಮೇಲಕ್ಕೆ ಚಾಚತೊಡಗುತ್ತದೆ. ಕವಲಿಗೆ, ಬೇರಿಗೆ ಹೋಗಬೇಕಾದ ಶಕ್ತಿ ಎತ್ತರಕ್ಕೆ ಖರ್ಚಾಗುತ್ತದೆ.

ಬೇರಿನ ಗಂಟುಗಳಲ್ಲೂ ಅದೇ ಕಥೆ. ಮೊದಲ ಪಟ್ಟಿಯ ಗಂಟನ್ನು ಉಗುರಿನಿಂದ ಸೀಳಿದರೆ ಒಳಗೆ ಗುಲಾಬಿ ಕೆಂಪು. ಅಂದರೆ ಗಾಳಿಯ ಸಾರಜನಕ ಹಿಡಿಯುವ ಕೆಲಸ ನಡೆದಿದೆ. ಮೂರನೆಯದರಲ್ಲಿ ಗಂಟು ಕಡಿಮೆ, ಅವೂ ಸಾಸಿವೆ ಕಾಳಿನಷ್ಟು. ಎಲೆಯಿಂದ ಊಟ ಇಳಿಯದಿದ್ದರೆ ಗಂಟಾದರೂ ಏನು ಮಾಡೀತು?

ನನಗೆ ಸಂಕಟ ಆದದ್ದು ಎರಡನೇ ಪಟ್ಟಿ ನೋಡಿ. ಕಾಂಗ್ರೆಸ್ ಕಸ, ಗರಿಕೆ ಎಲ್ಲ ತೆಗೆದು ಎಂಟು ದಿನ ಆಯ್ತು. ನೆಲ ಹಸನಾಗಿದೆ, ಆದರೆ ಗಿಡ ಇನ್ನೂ ಸೊರಗಿಯೇ ಇವೆ. ಸುತ್ತಲಿನ ಆಸರೆ ಹೋದ ಮೇಲೆ ಕೆಲವು ಬಾಗಿವೆ. ಜೇಕು ಅನ್ನೋ ಗಡ್ಡೆ ಕಳೆ ನಾಲ್ಕೇ ದಿನಕ್ಕೆ ಮತ್ತೆ ಚಿಗುರಿತು, ಗಡ್ಡೆ ಒಳಗೇ ಉಳಿದಿತ್ತಲ್ವಾ. ಮೊದಲ ಪಟ್ಟಿಯಲ್ಲಿ ಸಾಲುಗಳ ಎಲೆ ಒಂದಕ್ಕೊಂದು ಕೂಡುತ್ತಾ ಬಂದಿವೆ. ಇನ್ನು ಆ ನೆರಳೇ ಕಳೆಯನ್ನು ತಡೆಯುತ್ತದೆ. ಜೇಕಿಗೆ ನೆರಳು ಆಗಿಬರೋದಿಲ್ಲ.

ದೊಡ್ಡ ಹೊಲದಲ್ಲಿ ಇದು ಅಷ್ಟು ಸುಲಭ ಅಲ್ಲ. ಜಿಟಿಜಿಟಿ ಮಳೆ ಹಿಡಿದರೆ ಎರೆ ಮಣ್ಣಲ್ಲಿ ಸಾಲುಗಳ ನಡುವಿನ ಕಳೆ ತೆಗೆಯುವ ಎಡೆಕುಂಟೆ ನಡೆಯೋದಿಲ್ಲ. ಕಳೆ ಜೋರಾಗಿ ಏಳೋದೂ ಅದೇ ವಾರ. ಮುಂದಿನ ವರ್ಷ ಮೊದಲ ಎಡೆಯನ್ನು 15ನೇ ದಿನದ ಸುಮಾರಿಗೆ, ಬಿಸಿಲು ಬಿದ್ದ ಮೊದಲ ದಿನವೇ ಹೊಡೆಯುತ್ತೇನೆ.

ಪ್ರತಿ ಪಟ್ಟಿಯಲ್ಲಿ ಹತ್ತು ಗಿಡಕ್ಕೆ ಕೆಂಪು ದಾರ ಕಟ್ಟಿದ್ದೇನೆ. ಕಾಯಿ ಬಲಿತ ಮೇಲೆ ಅವನ್ನೇ ಎಣಿಸಿ ಬರೆಯುತ್ತೇನೆ.