ಬಣ್ಣ ಬಾರ್ಸಿಲೋನಾದಲ್ಲಿ, ಕಲ್ಲು ತಾಉಲ್‌ನಲ್ಲಿ

14 ಸೆಪ್ಟೆಂಬರ್ 2024, ಶನಿವಾರ

ಇವತ್ತು ತಾಉಲ್‌ಗೆ ಬಂದೆವು. ಸ್ಪೇನಿನ ಕತಲೋನಿಯಾದಲ್ಲಿ, ಪಿರನೀಸ್ ಬೆಟ್ಟಗಳ ಮಧ್ಯೆ ಬೊಯಿ ಅನ್ನುವ ಕಣಿವೆಯಿದೆ. ಅದರಲ್ಲಿ ಸುಮಾರು 1500 ಮೀಟರ್ ಎತ್ತರದಲ್ಲಿರುವ ಪುಟ್ಟ ಹಳ್ಳಿ ಇದು. ಊರಂಚಿನಲ್ಲೇ ಸಾಂತ್ ಕ್ಲಿಮೆಂಟ್ ಚರ್ಚ್.

ಮೊದಲು ಕಣ್ಣಿಗೆ ಬೀಳುವುದು ಗಂಟೆ ಗೋಪುರ. ಚೌಕ, ಆರು ಅಂತಸ್ತು. ಚರ್ಚಿನ ಗಾತ್ರಕ್ಕೆ ಇದು ಸ್ವಲ್ಪ ಜಾಸ್ತಿಯೇ ಆಯ್ತು ಅನ್ನಿಸುವಷ್ಟು ಎತ್ತರ. ಪ್ರತಿ ಅಂತಸ್ತಿನ ಅಂಚಿಗೂ ಸಾಲಾಗಿ ಪುಟ್ಟ ಪುಟ್ಟ ಕಮಾನುಗಳು. ಅವು ತೆರೆದ ಕಮಾನುಗಳಲ್ಲ, ಗೋಡೆಗೆ ಅಂಟಿಕೊಂಡ ಅಲಂಕಾರ. ಈ ಶೈಲಿ ಉತ್ತರ ಇಟಲಿಯ ಲೊಂಬಾರ್ಡಿ ಕಡೆಯಿಂದ ಬಂದದ್ದು. ಮೇಲಿನ ಅಂತಸ್ತುಗಳಲ್ಲಿ ನಡುವೆ ಸಣ್ಣ ಕಂಬ ನಿಲ್ಲಿಸಿದ ಕಿಟಕಿಗಳಿವೆ. ಒಳಗಿನ ಮೆಟ್ಟಿಲು ಹತ್ತಿ ಮೇಲೆ ಹೋಗಬಹುದು. ಮಂಡಿ ನೋವಿನವರು ಕೆಳಗೇ ಇರಿ!

ಇಂಥ ಬಡ ಕಣಿವೆಯಲ್ಲಿ ಇಷ್ಟೆಲ್ಲ ಕಟ್ಟಲು ದುಡ್ಡು ಎಲ್ಲಿಂದ ಬಂತು? 1118ರಲ್ಲಿ ಪಕ್ಕದ ಅರಗಾನ್ ರಾಜ್ಯದ ರಾಜ ಸರಗೋಸಾ ನಗರವನ್ನು ಗೆದ್ದ. ಇಲ್ಲಿನ ಎರಿಲ್ ಮನೆತನದವರು ಅವನ ಪರ ಯುದ್ಧ ಮಾಡಿದವರು. ಆ ಲೂಟಿಯ ಪಾಲೇ ಚರ್ಚುಗಳಾಯಿತು ಎಂದು ಅನೇಕ ಇತಿಹಾಸಕಾರರು ಹೇಳುತ್ತಾರೆ. ಒಳಗಿನ ಕಂಬವೊಂದರ ಮೇಲೆ ಬಣ್ಣದಲ್ಲಿ ಬರೆದ ಬರಹದಿಂದ ಚರ್ಚಿನ ಪ್ರತಿಷ್ಠೆಯ ದಿನವೂ ಗೊತ್ತಾಗಿದೆ: 1123ರ ಡಿಸೆಂಬರ್ 10. ಮಾಡಿಸಿದವರು ರೋಡಾದ ಬಿಷಪ್ ರಾಮೊನ್. ಅವರು ಮರುದಿನವೇ ಇದೇ ಊರಿನ ಸಾಂತಾ ಮರಿಯಾ ಚರ್ಚನ್ನೂ ಪ್ರತಿಷ್ಠೆ ಮಾಡಿದರು. ಆ ಚಳಿಯಲ್ಲಿ ಎರಡೆರಡು ಸಲ ಬೆಟ್ಟ ಹತ್ತುವುದು ಯಾರಿಗೆ ಬೇಕು, ಅಲ್ವಾ?

ಒಳಗೆ ಹೋದರೆ ಎರಡು ಸಾಲು ದಪ್ಪ ದುಂಡು ಕಂಬಗಳು. ಅವು ಜಾಗವನ್ನು ಮೂರು ಅಂಕಣಗಳಾಗಿ ಭಾಗ ಮಾಡುತ್ತವೆ. ಪ್ರತಿ ಅಂಕಣದ ಪೂರ್ವದ ತುದಿಗೆ ಅರ್ಧ ದುಂಡಗಿನ ಒಂದೊಂದು ಗೂಡು. ಆ ಕಾಲದ ಯುರೋಪಿನ ಕಟ್ಟಡ ಶೈಲಿಯಾದ ರೊಮಾನೆಸ್ಕ್ ಅಂದರೆ ಕಲ್ಲಿನ ಕಮಾನು ಚಾವಣಿ, ಆ ಭಾರ ಹೊರಲು ಗೋಡೆಯಷ್ಟು ದಪ್ಪದ ಕಂಬ ಎಂದುಕೊಂಡಿರುತ್ತೇವೆ. ಇಲ್ಲಿ ಚಾವಣಿ ಮರದ್ದು. ಭಾರ ಕಡಿಮೆ, ಹಾಗಾಗಿ ದುಂಡು ಕಂಬಗಳೇ ಸಾಕು. ಗೂಡುಗಳ ಮೇಲೆ ಮಾತ್ರ ಕಲ್ಲಿನ ಅರೆ ಗುಮ್ಮಟ.

ನಡುವಿನ ಗೂಡಿನಲ್ಲಿ ಒಂದು ಕಾಲಕ್ಕೆ ಪ್ಯಾಂಟೊಕ್ರೇಟರ್ ಎಂಬ ಗೋಡೆಚಿತ್ರ ಇತ್ತು. ಅಂದರೆ ಸಿಂಹಾಸನದಲ್ಲಿ ಕೂತ ಕ್ರಿಸ್ತ, ಕೈಯಲ್ಲಿ 'ನಾನೇ ಜಗತ್ತಿನ ಬೆಳಕು' ಎಂದು ಲ್ಯಾಟಿನ್‌ನಲ್ಲಿ ಬರೆದ ಪುಸ್ತಕ. ಹತ್ತಿರದ ಕಮಾನುಗಳ ಮೇಲೆ ಏಳು ಕಣ್ಣಿನ ಕುರಿಮರಿ, ಬೈಬಲ್ ಕಥೆಯ ಬಡವ ಲಾಜರನ ಹುಣ್ಣು ನೆಕ್ಕುವ ನಾಯಿ. ಶತಮಾನಗಳ ಕಾಲ ಗೂಡಿನ ಚಿತ್ರ ಆಮೇಲೆ ಬಂದ ಗಾಥಿಕ್ ಶೈಲಿಯ ಪೀಠಫಲಕದ (ಪೂಜಾಪೀಠದ ಹಿಂದೆ ನಿಲ್ಲಿಸುವ ಅಲಂಕೃತ ಫಲಕ) ಹಿಂದೆ ಅಡಗಿತ್ತು. 1919ರಲ್ಲಿ ಇನ್ನೊಂದು ಕತಲಾನ್ ಹಳ್ಳಿ ಮುರ್‌ನ ಚರ್ಚಿನ ಚಿತ್ರಗಳು ವ್ಯಾಪಾರಿಗಳ ಪಾಲಾದವು. ಅವು ಈಗ ಬೋಸ್ಟನ್ ಮ್ಯೂಸಿಯಂನಲ್ಲಿವೆ. ಬಾರ್ಸಿಲೋನಾದ ಮ್ಯೂಸಿಯಂ ಮಂಡಳಿ ಎಚ್ಚೆತ್ತುಕೊಂಡು ಇಲ್ಲಿನ ಚಿತ್ರಗಳನ್ನು ಕಿತ್ತು ಉಳಿಸಲು ಇಟಲಿಯಿಂದ ಕುಶಲಕರ್ಮಿಗಳನ್ನು ಕರೆಸಿತು.

ಅವರು ಗೋಡೆಗೆ ಬಟ್ಟೆಯನ್ನು ಪ್ರಾಣಿಗಳ ಅಂಟಿನಿಂದ ಮೆತ್ತುತ್ತಿದ್ದರು. ಅಂಟು ಒಣಗಿ ಬಿಗಿದುಕೊಳ್ಳುತ್ತದೆ. ಆಗ ಬಟ್ಟೆ ಎಳೆದರೆ ಬಣ್ಣದ ಪದರವೂ ಜೊತೆಗೇ ಬರುತ್ತದೆ. ಅದನ್ನು ಸುರುಳಿ ಸುತ್ತಿ ಹೇಸರಗತ್ತೆಗಳ ಮೇಲೆ ಹೊರಿಸಿ ಬೆಟ್ಟ ಇಳಿಸಿದರು. ಬಾರ್ಸಿಲೋನಾದಲ್ಲಿ ಹೊಸ ಕ್ಯಾನ್ವಾಸ್‌ಗೆ ಅಂಟಿಸಿ, ಗೂಡಿನ ಆಕಾರದ ಮರದ ಚೌಕಟ್ಟಿಗೆ ಕೂರಿಸಿದರು.

ಬಾರ್ಸಿಲೋನಾದಲ್ಲಿ ಅದನ್ನು ನೋಡಿಕೊಂಡೇ ಇಲ್ಲಿಗೆ ಬಂದೆವು. ಚಿತ್ರದಲ್ಲಿರುವ ನೀಲಿ ಬಣ್ಣ ಪಿರನೀಸಿನಲ್ಲೇ ಸಿಗುವ ಏರಿನೈಟ್ ಎಂಬ ಖನಿಜದ್ದು. ಎದುರು ನಿಂತರೆ ಕದಲಲು ಮನಸ್ಸಾಗುವುದಿಲ್ಲ. ತಾಉಲ್‌ನಲ್ಲಿ ಇರುವುದು ಗೋಡೆಯಲ್ಲಿ ಉಳಿದ ಕೆಲವು ಚೂರುಗಳು, ಜೊತೆಗೆ 2013ರಲ್ಲಿ ಶುರುವಾದ ಪ್ರೊಜೆಕ್ಟರ್ ಬೆಳಕು. ಆ ಬೆಳಕು ಇಲ್ಲಿಂದ ಹೋದ ಚಿತ್ರವನ್ನು ಅದೇ ಜಾಗದಲ್ಲಿ ಗೆರೆಗೆರೆಯಾಗಿ ಬಿಡಿಸುತ್ತದೆ. ಜನ ಉಸಿರು ಬಿಗಿಹಿಡಿದು ನೋಡುತ್ತಿದ್ದರು. ನನಗೆ ಅದು ಸ್ವಲ್ಪ ಸಿನಿಮಾ ಅನ್ನಿಸಿತು. ಲೈಟ್ ಆರಿದ ಮೇಲೆ ಬರೀ ಗೋಡೆ, ಕಂಬ, ಮರದ ಜಂತಿ ನೋಡಿದ್ದೇ ಹೆಚ್ಚು ಇಷ್ಟವಾಯಿತು.

ಕಿತ್ತದ್ದು ತಪ್ಪೇ? ಕೀಳದಿದ್ದರೆ ಈ ಚಿತ್ರವೂ ಬೋಸ್ಟನ್ ದಾರಿ ಹಿಡಿಯುವ ಸಾಧ್ಯತೆ ಇತ್ತು. ಅಪಾಯ ಕಳೆದ ಮೇಲೆ ವಾಪಸ್ ತರಬೇಕಿತ್ತು ಅನ್ನುವುದು ಸುಲಭ. ಆದರೆ ಅಷ್ಟು ತೆಳುವಾದ ಪದರವನ್ನು ಇನ್ನೊಂದು ಸಲ ಅಲುಗಾಡಿಸುವ ಧೈರ್ಯ ನನಗಂತೂ ಇಲ್ಲ. ಇಲ್ಲಿಗೆ ಬರುವವರು ಮ್ಯೂಸಿಯಂ ಮೊದಲು ನೋಡಿ ಬನ್ನಿ. ಆಗ ಚಿತ್ರಕ್ಕಾಗಿ ಹುಡುಕಾಡದೆ, ಚರ್ಚ್ ಕಟ್ಟಿದವರ ಕೆಲಸವನ್ನು ಆರಾಮವಾಗಿ ನೋಡಬಹುದು.