ಗೋಡೆಯೊಳಗೆ ಹಾಡು

ಮನೆಯ ಕರೆಂಟ್ ವೈರಿಗೇ ನಾನು ಹಾಡು ಹೊತ್ತ ರೇಡಿಯೋ ಸಿಗ್ನಲ್ ಸೇರಿಸಿದೆ. 600 ಕಿಲೋಹರ್ಟ್ಸ್, ಒಂದು ವ್ಯಾಟಿಗೂ ಕಡಿಮೆ. ಸಿಗ್ನಲ್‌ಗೂ ವೈರಿಗೂ ನಡುವೆ ಇರುವುದು 10 ನ್ಯಾನೋಫ್ಯಾರಡ್‌ನ ಕೆಪಾಸಿಟರ್: ನಿಧಾನದ ಅಲೆಯನ್ನು ತಡೆದು ವೇಗದ್ದನ್ನು ಬಿಡುವ ಬಿಡಿಭಾಗ. 50 ಹರ್ಟ್ಸ್ ಕರೆಂಟಿಗೆ ಅದು ಸುಮಾರು 3 ಲಕ್ಷ ಓಮ್‌ನ ಗೋಡೆ, ನನ್ನ ಸಿಗ್ನಲ್‌ಗೆ ಬರೀ 27 ಓಮ್. ಅಗ್ಗದ ಕೆಪಾಸಿಟರ್ ಹಾಕಬೇಡಿ. ಅದು ಶಾರ್ಟ್ ಆದರೆ ಕರೆಂಟ್ ನೇರ ನಿಮ್ಮ ಕೈಗೆ! ನಾನು ಕೆಟ್ಟರೂ ಶಾರ್ಟ್ ಆಗದಂತೆ ಮಾಡಿದ ವೈ ದರ್ಜೆಯದ್ದನ್ನೇ ಹಾಕಿ, ಮುಂದೆ ಫ್ಯೂಸ್, ಕರೆಂಟ್ ನೇರ ದಾಟದಂತೆ ತಡೆಯುವ ಫೆರೈಟ್ ಟ್ರಾನ್ಸ್‌ಫಾರ್ಮರ್ ಎರಡನ್ನೂ ಇಟ್ಟೆ. ಆದರೂ ಪ್ಲಗ್ ಚುಚ್ಚುವಾಗ ಕೈ ನಡುಗಿತು, ಸುಳ್ಳೇಕೆ?

ರೇಡಿಯೋ ಹಚ್ಚಿದಾಗ ಮೊದಲು ಕೇಳಿಸಿದ್ದು ಹಾಡಲ್ಲ, ಗುರ್‍ರ್ ಅನ್ನೋ ಸದ್ದು. ಒಂದು ಸಂಜೆಯೆಲ್ಲ ಒಂದೊಂದೇ ಪ್ಲಗ್ ಕೀಳುತ್ತಾ ಕೂತೆ. ಕಳ್ಳ ಸಿಕ್ಕಿದ್ದು ನನ್ನದೇ ಫೋನ್ ಚಾರ್ಜರ್! ಅದನ್ನು ಕಿತ್ತ ಮೇಲೆ ಸ್ವಿಚ್‌ಬೋರ್ಡ್ ಪಕ್ಕ ಹಾಡು ಸ್ಪಷ್ಟ. ನಾಲ್ಕು ಹೆಜ್ಜೆ ಆಚೆ ಹೋದರೆ ಸುಮ್ನೆ ಗುಸುಗುಸು.