ಮುಂದಿನ ನಾಯಿ ಯಾವುದು? ಕಾಯಿಲೆಗಳ ಪಟ್ಟಿ ಹಿಡಿದು ಕೂತ ಭಾನುವಾರ

9 ಮಾರ್ಚ್ 2025, ಭಾನುವಾರ

ಭೀಮ ಹೋಗಿ ಒಂದು ವರ್ಷ ದಾಟಿತು. ಇನ್ನೊಂದು ನಾಯಿ ತರೋಣ ಅನ್ನುವ ಮಾತು ಮನೆಯಲ್ಲಿ ಆಗಾಗ ಬರುತ್ತಲೇ ಇತ್ತು, ಇವತ್ತು ಎಲ್ಲರೂ ಕೂತು ಸರಿಯಾಗಿ ಮಾತಾಡಿದೆವು. ಮಗಳಿಗೆ ಕ್ಯಾವಲಿಯರ್ ಸ್ಪ್ಯಾನಿಯಲ್ ಬೇಕು. ತಮ್ಮ ಡಾಬರ್‌ಮನ್ ಅಂತಾನೆ. ನನ್ನ ಹೆಂಡತಿಗೆ ಗೋಲ್ಡನ್ ರಿಟ್ರೀವರ್ ಮೇಲೆ ಮನಸ್ಸು. ನನಗೆ ಮಾತ್ರ ಯಾವ ತಳಿಯ ಹೆಸರು ಕೇಳಿದರೂ ಮೊದಲು ತಲೆಗೆ ಬರುವುದು ಆ ತಳಿಗೆ ಬರುವ ಕಾಯಿಲೆ.

ಅದಕ್ಕೆ ಕಾರಣ ಭೀಮನೇ. ಅವನು ಜರ್ಮನ್ ಶೆಫರ್ಡ್. ಒಂಬತ್ತು ವರ್ಷ ಆದ ಮೇಲೆ ಹಿಂಗಾಲಿನ ಉಗುರುಗಳು ನೆಲಕ್ಕೆ ಉಜ್ಜುವ ಸದ್ದು ಶುರುವಾಯಿತು, ಆಮೇಲೆ ತಿರುಗುವಾಗ ಹಿಂಭಾಗ ವಾಲತೊಡಗಿತು, ಕೊನೆಗೆ ಎದ್ದು ನಿಲ್ಲಲೂ ನಾವು ಸೊಂಟಕ್ಕೆ ಬಟ್ಟೆ ಕಟ್ಟಿ ಎತ್ತಬೇಕಾಯಿತು. ಡೀಜನರೇಟಿವ್ ಮೈಲೋಪಥಿ ಇರಬೇಕು ಅಂದರು ಪಶುವೈದ್ಯರು. ಬೆನ್ನುಹುರಿಯ ನರಗಳು ನಿಧಾನವಾಗಿ ಹಾಳಾಗುವ ಕಾಯಿಲೆ ಇದು. ನೋವಿರುವುದಿಲ್ಲ, ಆದರೆ ಗುಣಪಡಿಸುವ ಔಷಧಿಯೂ ಇಲ್ಲ. ನಾಯಿ ಬದುಕಿರುವಾಗ ಇದೇ ಕಾಯಿಲೆ ಅಂತ ಖಚಿತವಾಗಿ ಹೇಳುವುದಕ್ಕೂ ಆಗುವುದಿಲ್ಲ, ಬೇರೆ ಕಾರಣಗಳನ್ನೆಲ್ಲ ಒಂದೊಂದಾಗಿ ತಳ್ಳಿಹಾಕಿ ಈ ಹೆಸರಿಗೆ ಬರುತ್ತಾರೆ. ಇದಕ್ಕೆ ಸಂಬಂಧಿಸಿದ ಎಸ್‌ಒಡಿ1 ಜೀನಿನ ದೋಷ ಪತ್ತೆಯಾಗಿದ್ದು 2009ರಲ್ಲಿ. ಈಗ ಕೆನ್ನೆಯ ಒಳಗಿನಿಂದ ಹತ್ತಿಯಲ್ಲಿ ಎಂಜಲು ತೆಗೆದು ಟೆಸ್ಟ್ ಮಾಡಬಹುದು. ದೋಷವಿರುವ ಜೀನು ಎರಡೂ ಕಡೆಯಿಂದ ಬಂದ ನಾಯಿಗಳೆಲ್ಲ ಕಾಯಿಲೆ ಬೀಳುವುದಿಲ್ಲ, ಆದರೆ ಅಪಾಯ ಜಾಸ್ತಿ ಇರುವುದು ಅವಕ್ಕೇ.

ಆ ಕಾಯಿಲೆಯ ಬಗ್ಗೆ ಓದುತ್ತಾ ಓದುತ್ತಾ ಬೇರೆ ತಳಿಗಳ ಕಡೆಗೂ ಹೋದೆ. ಯಾವ ತಳಿಯೂ ಪೂರ್ತಿ ಆರೋಗ್ಯದ ತಳಿಯಲ್ಲ ಅನ್ನುವುದು ಬೇಗ ಗೊತ್ತಾಯಿತು. ಹಾಗಾಗಿ 'ಯಾವ ತಳಿಗೆ ಕಾಯಿಲೆ ಇಲ್ಲ' ಅಂತ ಹುಡುಕುವುದು ಬಿಟ್ಟೆ. ನಾನು ಈಗ ಕೇಳುವುದು ಬೇರೆ. ಈ ಕಾಯಿಲೆ ನಾಯಿಯ ಬದುಕಿನಲ್ಲಿ ಎಷ್ಟು ದಿನಗಳನ್ನು ಕಿತ್ತುಕೊಳ್ಳುತ್ತದೆ? ಮರಿಯಾಗಿದ್ದಾಗಲೇ ಶುರುವಾಗಿ ದಿನಾ ಕಾಡುತ್ತದಾ, ಅಥವಾ ಚೆನ್ನಾಗಿ ಬದುಕಿದ ಮೇಲೆ ವಯಸ್ಸಾದಾಗ ಬರುತ್ತದಾ? ಮತ್ತೆ, ಮರಿ ಹುಟ್ಟುವ ಮೊದಲೇ ತಂದೆ ತಾಯಿಯನ್ನು ನೋಡಿ ತಿಳಿದುಕೊಳ್ಳಲು ಆಗುತ್ತದಾ?

ಹೀಗೆ ನೋಡಿದಾಗ ಕೊಲ್ಲುವ ಕಾಯಿಲೆಯೇ ಅತಿ ಕೆಟ್ಟದ್ದು ಅಂತ ಅನಿಸುವುದಿಲ್ಲ. ನನ್ನ ಲೆಕ್ಕದಲ್ಲಿ ಅತಿ ಕೆಟ್ಟದ್ದು ಉಸಿರಾಟದ ತೊಂದರೆ. ಪಗ್, ಬುಲ್‌ಡಾಗ್, ಫ್ರೆಂಚ್ ಬುಲ್‌ಡಾಗ್, ಈ ಚಪ್ಪಟೆ ಮೂತಿಯವು ಗೊರಕೆ ಹೊಡೆದರೆ ಎಲ್ಲರೂ 'ಅಯ್ಯೋ ಎಷ್ಟು ಮುದ್ದು' ಅಂತಾರೆ. ಮೂತಿಯ ಮೂಳೆಯನ್ನು ತಲೆಮಾರುಗಳ ಕಾಲ ಗಿಡ್ಡ ಮಾಡುತ್ತಾ ಬಂದರು, ಆದರೆ ಒಳಗಿನ ಅಂಗುಳ, ನಾಲಿಗೆ ಅಷ್ಟು ಚಿಕ್ಕದಾಗಲಿಲ್ಲ, ಅವು ಗಂಟಲಿನ ದಾರಿಗೆ ಅಡ್ಡ ಬರುತ್ತವೆ. ಮೂಗಿನ ಹೊಳ್ಳೆಗಳು ಸಣ್ಣ ಗೀರಿನಷ್ಟಾಗಿವೆ. ನಾಯಿ ಮೈ ತಣ್ಣಗೆ ಮಾಡಿಕೊಳ್ಳುವುದೇ ಮುಖ್ಯವಾಗಿ ಏದುಸಿರಿನಿಂದ, ಉಸಿರಿನ ದಾರಿಯೇ ಸರಿಯಿಲ್ಲದಿದ್ದರೆ ಬಿಸಿಲಿನಲ್ಲಿ ಅದರ ಜೀವಕ್ಕೇ ಅಪಾಯ. ಇಲ್ಲಿ ಕಾಯಿಲೆ ಎಂದೋ ಬರುವುದಲ್ಲ, ಎಷ್ಟೋ ಮರಿಗಳಲ್ಲಿ ಮುಖದ ಆಕಾರದ ಜೊತೆಗೇ ಬಂದಿರುತ್ತದೆ. ಓಡಿದಾಗ, ಉಂಡಾಗ, ಮಲಗಿದಾಗ, ಪ್ರತಿ ದಿನ. ನೆದರ್ಲೆಂಡ್ಸ್‌ನಲ್ಲಿ 2019ರಿಂದ ಇದಕ್ಕೆ ಅಳತೆಯನ್ನೇ ಗೊತ್ತುಮಾಡಿದ್ದಾರೆ, ಮೂತಿಯ ಉದ್ದ ತಲೆಬುರುಡೆಯ ಉದ್ದದ ಮೂರನೇ ಒಂದು ಭಾಗವಾದರೂ ಇರಬೇಕು. ಬ್ರಿಟನ್ನಿನಲ್ಲಿ ತಳಿ ನಾಯಿಗಳನ್ನು ನೋಂದಾಯಿಸುವ ಕೆನಲ್ ಕ್ಲಬ್ ಮತ್ತು ಕೇಂಬ್ರಿಡ್ಜ್ ವಿಶ್ವವಿದ್ಯಾಲಯ ಸೇರಿ ಒಂದು ಪರೀಕ್ಷೆ ತಂದಿವೆ. ನಾಯಿಯನ್ನು ಮೂರು ನಿಮಿಷ ಚುರುಕಾಗಿ ನಡೆಸುತ್ತಾರೆ, ಮೊದಲೂ ಆಮೇಲೂ ಗಂಟಲಿಗೆ ಸ್ಟೆತಸ್ಕೋಪ್ ಇಟ್ಟು ಕೇಳುತ್ತಾರೆ, 0ಯಿಂದ 3ರವರೆಗೆ ಗ್ರೇಡ್ ಕೊಡುತ್ತಾರೆ, 0 ಅಂದರೆ ತೊಂದರೆಯಿಲ್ಲ, 3 ಅಂದರೆ ತೀವ್ರ. ಪಗ್ ಬೇಕೇ ಬೇಕು ಅನ್ನುವವರು ಕನಿಷ್ಠ ತಂದೆ ತಾಯಿ ಎರಡರ ಈ ಗ್ರೇಡನ್ನಾದರೂ ಕೇಳಿ ಅಂತ ಬೇಡಿಕೊಳ್ಳುತ್ತೇನೆ. ನಾನಂತೂ ತರುವುದಿಲ್ಲ.

ಮಗಳ ಕ್ಯಾವಲಿಯರ್ ವಿಷಯ ಕಷ್ಟವಾಯಿತು. ಅದರಷ್ಟು ಮೃದು ಸ್ವಭಾವದ ನಾಯಿ ಸಿಗುವುದು ಅಪರೂಪ, ಅದನ್ನು ನಾನೂ ಒಪ್ಪುತ್ತೇನೆ. ಆದರೆ ಹೃದಯದ ಎಡಗಡೆಯ ಮೈಟ್ರಲ್ ಕವಾಟ ಈ ತಳಿಯಲ್ಲಿ ಬೇಗ ಸವೆಯುತ್ತದೆ. ಹತ್ತು ವರ್ಷ ದಾಟಿದವುಗಳಲ್ಲಿ ಬಹುತೇಕ ಎಲ್ಲಕ್ಕೂ ಎದೆಯಲ್ಲಿ ಮರ್ಮರ್, ಅಂದರೆ ಬಡಿತದ ಜೊತೆ ಬರುವ ಅಸಹಜ ಸದ್ದು ಕೇಳಿಸುತ್ತದೆ. ಇಷ್ಟೇ ಆಗಿದ್ದರೆ ನಾನು ಒಪ್ಪುತ್ತಿದ್ದೆನೋ ಏನೋ, ಯಾಕೆಂದರೆ ಪಿಮೊಬೆಂಡಾನ್ ಅನ್ನುವ ಮಾತ್ರೆಯನ್ನು ಹೃದಯ ದೊಡ್ಡದಾದ ಹಂತದಲ್ಲೇ ಶುರು ಮಾಡಿದರೆ ಹಾರ್ಟ್ ಫೇಲ್ಯೂರ್ ಸುಮಾರು 15 ತಿಂಗಳು ಮುಂದಕ್ಕೆ ಹೋಗುತ್ತದೆ ಅಂತ 2016ರ ಅಧ್ಯಯನವೊಂದು ತೋರಿಸಿದೆ. ನನ್ನನ್ನು ತಡೆದದ್ದು ಇನ್ನೊಂದು. ತಲೆಬುರುಡೆ ಮಿದುಳಿಗೆ ಸಾಲದಷ್ಟು ಚಿಕ್ಕದು, ಮಿದುಳಿನ ಹಿಂಭಾಗ ಕೆಳಗಿನ ರಂಧ್ರದ ಕಡೆ ಒತ್ತಿಕೊಂಡು ಬೆನ್ನುಹುರಿಯೊಳಗೆ ನೀರು ತುಂಬಿದ ಪೊಳ್ಳುಗಳಾಗುತ್ತವೆ. ಸಿರಿಂಗೋಮೈಲಿಯಾ ಅಂತಾರೆ. ಅಂಥ ನಾಯಿ ನಡೆಯುತ್ತಾ ನಡೆಯುತ್ತಾ ಕುತ್ತಿಗೆಯ ಹತ್ತಿರ ಗಾಳಿಯಲ್ಲೇ ಕೆರೆದುಕೊಳ್ಳುತ್ತದೆ, ಎತ್ತಿಕೊಂಡರೆ ಕಿರುಚುತ್ತದೆ. ಎಂಆರ್‌ಐ ಮಾಡದೆ ಇದು ಖಚಿತವಾಗುವುದಿಲ್ಲ. ನಾರ್ವೆಯಲ್ಲಿ 2022ರಲ್ಲಿ ಓಸ್ಲೋದ ಕೋರ್ಟು ಕ್ಯಾವಲಿಯರ್ ಮರಿ ಮಾಡಿಸುವುದು ಪ್ರಾಣಿ ಕಲ್ಯಾಣ ಕಾನೂನಿಗೆ ವಿರುದ್ಧ ಅಂತ ತೀರ್ಪು ಕೊಟ್ಟಿತು, 2023ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟೂ ಕ್ಯಾವಲಿಯರ್ ವಿಷಯದಲ್ಲಿ ಅದನ್ನೇ ಎತ್ತಿಹಿಡಿಯಿತು.

ಮಗಳು ಸುಮ್ಮನೆ ಕೇಳಿಸಿಕೊಂಡಳು. "ಅಪ್ಪಾ, ಎಲ್ಲಾ ಕ್ಯಾವಲಿಯರ್‌ಗೂ ಹೀಗೇ ಆಗಲ್ಲ ಅಲ್ವಾ?" ಅಂದಳು. ಎಲ್ಲಕ್ಕೂ ನೋವು ಬರುವುದಿಲ್ಲ ನಿಜ. ಆದರೆ ತಂದೆ ತಾಯಿಯ ಎಂಆರ್‌ಐ ತೋರಿಸುವ ಬ್ರೀಡರ್ ನನಗೆ ಇಲ್ಲಿಯವರೆಗೆ ಸಿಕ್ಕಿಲ್ಲ. ಅದಿಲ್ಲದೆ ನಾನು ಆ ಮರಿಯನ್ನು ಅವಳ ಕೈಗೆ ಕೊಡಲಾರೆ. ಅವಳಿಗೆ ಹಾಗೇ ಹೇಳಿದೆ.

ತಮ್ಮನ ಡಾಬರ್‌ಮನ್ ಬಗ್ಗೆ ಜಾಸ್ತಿ ಹೊತ್ತು ಮಾತಾಡಲಿಲ್ಲ. ಡೈಲೇಟೆಡ್ ಕಾರ್ಡಿಯೋಮಯೋಪಥಿ, ಅಂದರೆ ಹೃದಯದ ಸ್ನಾಯು ತೆಳುವಾಗಿ ಹಿಗ್ಗುವುದು. ಯುರೋಪಿನ ಡಾಬರ್‌ಮನ್‌ಗಳ ಮೇಲೆ ನಡೆದ, 2010ರಲ್ಲಿ ಬಂದ ಅಧ್ಯಯನದಲ್ಲಿ ಅರ್ಧಕ್ಕಿಂತ ಹೆಚ್ಚು ನಾಯಿಗಳಿಗೆ ಜೀವಮಾನದಲ್ಲಿ ಎಂದಾದರೂ ಇದು ಬರುತ್ತದೆ ಅಂತ ಕಂಡುಬಂತು. ಕೆಲವಕ್ಕೆ ಮೊದಲ ಲಕ್ಷಣವೇ ಸಾವು, ಓಡುತ್ತಿದ್ದ ನಾಯಿ ಬಿದ್ದುಬಿಡುತ್ತದೆ. ಡಿಎನ್‌ಎ ಟೆಸ್ಟ್‌ಗಳಿವೆ, ಆದರೆ ಅವುಗಳಲ್ಲಿ ಕ್ಲಿಯರ್, ಅಂದರೆ ದೋಷವಿಲ್ಲ ಅಂತ ಬಂದ ನಾಯಿಗೂ ಕಾಯಿಲೆ ಬರಬಹುದು. ಹಾಗಾಗಿ ವರ್ಷಕ್ಕೊಮ್ಮೆ ಹೃದಯದ ಸ್ಕ್ಯಾನು, ಜೊತೆಗೆ 24 ಗಂಟೆ ಎದೆಗೆ ಹೋಲ್ಟರ್ ಯಂತ್ರ ಕಟ್ಟಿ ಬಡಿತ ನೋಡುವುದು ಬಿಟ್ಟರೆ ಬೇರೆ ದಾರಿಯಿಲ್ಲ. "ಅಣ್ಣಾ, ನಾನಿರ್ತೀನಲ್ಲ, ಕರ್ಕೊಂಡು ಹೋಗ್ತೀನಿ" ಅಂದ. ಅವನು ಕರೆದುಕೊಂಡು ಹೋಗುತ್ತಾನೆ, ಅದರಲ್ಲಿ ಅನುಮಾನವಿಲ್ಲ. ಆದರೂ ಬೇಡ ಅಂದೆ.

ಹಾಗಿದ್ದರೆ ಗೋಲ್ಡನ್‌ಗೆ ಕ್ಯಾನ್ಸರ್ ಬರಲ್ವಾ ಅಂತ ಅವನು ತಿರುಗಿ ಕೇಳಿದ. ಬರುತ್ತದೆ. ತುಂಬಾ ಬರುತ್ತದೆ. ರಕ್ತನಾಳದ ಕ್ಯಾನ್ಸರ್, ಲಿಂಫೋಮಾ. ಅದಕ್ಕೇ ಅಮೆರಿಕದಲ್ಲಿ ಮಾರಿಸ್ ಅನಿಮಲ್ ಫೌಂಡೇಶನ್ 2012ರಲ್ಲಿ 3,000ಕ್ಕೂ ಹೆಚ್ಚು ಗೋಲ್ಡನ್‌ಗಳನ್ನು ಜೀವಮಾನವಿಡೀ ಹಿಂಬಾಲಿಸುವ ಅಧ್ಯಯನ ಶುರು ಮಾಡಿತು. ಕ್ಯಾನ್ಸರ್ ಬರುತ್ತದೋ ಇಲ್ಲವೋ ಅಂತ ಮರಿಯಲ್ಲೇ ಹೇಳುವ ಟೆಸ್ಟ್ ಇಲ್ಲ. ಆದರೂ ನಾನು ಗೋಲ್ಡನ್ ಅನ್ನು ಪಟ್ಟಿಯಿಂದ ತೆಗೆಯಲಿಲ್ಲ. ಅದು ಸಾಮಾನ್ಯವಾಗಿ ವಯಸ್ಸಾಗುತ್ತಾ ಬರುತ್ತದೆ, ಅಲ್ಲಿಯವರೆಗೆ ನಾಯಿ ಈಜುತ್ತದೆ, ಓಡುತ್ತದೆ, ನೋವಿಲ್ಲದೆ ನಿದ್ದೆ ಮಾಡುತ್ತದೆ. ಬೇಗ ಕಳೆದುಕೊಳ್ಳುವ ದುಃಖ ನಮ್ಮದು. ಅದನ್ನು ನಾವು ಹೊತ್ತುಕೊಳ್ಳಬಹುದು. ದಿನಾ ಉಸಿರಿಗಾಗಿ ಒದ್ದಾಡುವುದು ನಾಯಿಯ ಪಾಲು, ಅದನ್ನು ನಮ್ಮ ಇಷ್ಟಕ್ಕಾಗಿ ಅದರ ಮೇಲೆ ಹೇರುವುದು ಸರಿಯಲ್ಲ. ಇದೊಂದು ವಿಷಯದಲ್ಲಿ ನನಗೆ ಗೊಂದಲವೇ ಇಲ್ಲ.

ಲ್ಯಾಬ್ರಡಾರ್ ಕೂಡ ಪಟ್ಟಿಯಲ್ಲಿದೆ. ಸೊಂಟ, ಮೊಣಕೈ, ಕಣ್ಣು, ಎಲ್ಲಕ್ಕೂ ತಂದೆ ತಾಯಿಯ ಪರೀಕ್ಷೆ ಇದೆ. ಸೊಂಟದ ವಿಷಯದಲ್ಲಿ ಜನ ಮೋಸ ಹೋಗುವುದು ಜಾಸ್ತಿ, ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ತೊಡೆಮೂಳೆಯ ತಲೆ ಬಟ್ಟಲಿನಲ್ಲಿ ಚೆಂಡು ಕೂತಂತೆ ಬಿಗಿಯಾಗಿ ಕೂರಬೇಕು. ಸಡಿಲವಾಗಿದ್ದರೆ ಸವೆದು ಸವೆದು ಸಂಧಿವಾತವಾಗುತ್ತದೆ. ಇದಕ್ಕೆ ಒಂದು ಜೀನು ಕಾರಣವಲ್ಲ, ಎಷ್ಟೋ ಜೀನುಗಳು, ಜೊತೆಗೆ ಬೆಳೆಸುವ ರೀತಿ. ಆದ್ದರಿಂದ ಇದಕ್ಕೆ ನಂಬಬಹುದಾದ ಒಂದು ಡಿಎನ್‌ಎ ಟೆಸ್ಟ್ ಇಲ್ಲ, ಎಕ್ಸ್‌ರೇಯೇ ಬೇಕು. ಅಮೆರಿಕದಲ್ಲಿ ಒಎಫ್‌ಎ ಅನ್ನುವ ಸಂಸ್ಥೆ 1966ರಿಂದ ಎಕ್ಸ್‌ರೇ ನೋಡಿ ಸೊಂಟಕ್ಕೆ ಗ್ರೇಡ್ ಕೊಡುವ ಕೆಲಸ ಮಾಡುತ್ತಿದೆ, ನಾಯಿಗೆ ಎರಡು ವರ್ಷ ತುಂಬಿದ ಮೇಲೆಯೇ ಅಂತಿಮ ಗ್ರೇಡ್ ಕೊಡುತ್ತದೆ. ಯಾರಾದರೂ 'ನಮ್ಮ ಹೆಣ್ಣುನಾಯಿಯ ಸೊಂಟ ಚೆನ್ನಾಗಿದೆ, ಡಾಕ್ಟರ್ ನೋಡಿದ್ದಾರೆ' ಅಂದರೆ ಸಾಲದು. ಎಕ್ಸ್‌ರೇ ಯಾವಾಗ ತೆಗೆದದ್ದು, ಗ್ರೇಡ್ ಕೊಟ್ಟವರು ಯಾರು, ಕಾಗದ ಎಲ್ಲಿ ಅಂತ ಕೇಳಬೇಕು. ಹದಿನಾಲ್ಕು ತಿಂಗಳ ನಾಯಿಯಿಂದ ಮರಿ ಹಾಕಿಸಿದ್ದಾರೆ ಅಂದರೆ ಆ ಅಂತಿಮ ಗ್ರೇಡ್ ಅವರ ಹತ್ತಿರ ಇರಲು ಸಾಧ್ಯವೇ ಇಲ್ಲ.

ಲ್ಯಾಬ್‌ಗೆ ಇನ್ನೊಂದು, ಹಸಿವು. ಸುಮಾರು ಕಾಲು ಭಾಗದಷ್ಟು ಲ್ಯಾಬ್ರಡಾರ್‌ಗಳಲ್ಲಿ ಪಿಒಎಂಸಿ ಅನ್ನುವ ಜೀನಿನ ಒಂದು ತುಣುಕು ಇಲ್ಲ ಅಂತ 2016ರಲ್ಲಿ ಕೇಂಬ್ರಿಡ್ಜ್‌ನವರು ಕಂಡುಹಿಡಿದರು, ಅವಕ್ಕೆ ಹೊಟ್ಟೆ ತುಂಬಿದ ಅನುಭವ ಸರಿಯಾಗಿ ಆಗುವುದಿಲ್ಲ. ಆದರೆ ಇದು ನಮ್ಮ ಕೈಯಲ್ಲಿರುವ ತೊಂದರೆ. 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 48 ಲ್ಯಾಬ್ರಡಾರ್‌ಗಳನ್ನು ಮರಿಯಿಂದ ಕೊನೆಯವರೆಗೆ ನೋಡಿದ್ದರು. ಕಾಲು ಭಾಗ ಕಡಿಮೆ ಊಟ ಸಿಕ್ಕವು ಉಳಿದವುಗಳಿಗಿಂತ ಸುಮಾರು 1.8 ವರ್ಷ ಹೆಚ್ಚು ಬದುಕಿದವು, ಕೀಲುಗಳ ತೊಂದರೆಯೂ ತಡವಾಗಿ ಬಂತು. ತಟ್ಟೆಗೆ ಹಾಕುವ ಅಳತೆಯಿಂದಲೇ ಇಷ್ಟು ಸಿಗುವುದಾದರೆ ಅದಕ್ಕಿಂತ ದೊಡ್ಡ ಔಷಧಿ ಬೇಕಾ?

ಮಿಶ್ರ ತಳಿ ತಂದರೆ ಈ ಯಾವ ತಲೆನೋವೂ ಇಲ್ಲ ಅಂತ ಹೇಳುವವರಿದ್ದಾರೆ. ಅರ್ಧ ನಿಜ. ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದವರು 2013ರಲ್ಲಿ 24 ಆನುವಂಶಿಕ ಕಾಯಿಲೆಗಳನ್ನು ಹೋಲಿಸಿ ನೋಡಿದಾಗ 10 ಕಾಯಿಲೆಗಳು ಶುದ್ಧ ತಳಿಯಲ್ಲಿ ಜಾಸ್ತಿ ಇದ್ದವು, 13ರಲ್ಲಿ ವ್ಯತ್ಯಾಸವೇ ಕಾಣಲಿಲ್ಲ, ಮೊಣಕಾಲಿನ ಲಿಗಮೆಂಟ್ ಹರಿಯುವುದು ಮಾತ್ರ ಮಿಶ್ರ ತಳಿಯಲ್ಲೇ ಜಾಸ್ತಿ. ಸೊಂಟ ಸರಿಯಿಲ್ಲದ ಎರಡು ನಾಯಿಗಳ ಮರಿಗೆ ತಳಿ ಬೇರೆ ಬೇರೆಯಾದ ಮಾತ್ರಕ್ಕೆ ಒಳ್ಳೆಯ ಸೊಂಟ ಬರುವುದಿಲ್ಲ. ಹಾಗಂತ ಮನೆ ಹುಡುಕುತ್ತಿರುವ ಮಿಶ್ರ ತಳಿಯ ನಾಯಿಯೊಂದು ಸಿಕ್ಕಿ ಸ್ವಭಾವ ಹೊಂದಿದರೆ ನಾನು ಈ ಪಟ್ಟಿಯನ್ನೆಲ್ಲ ಮಡಚಿಟ್ಟು ಅದನ್ನೇ ತರುತ್ತೇನೆ, ಹೆಂಡತಿಗೂ ಅದನ್ನೇ ಹೇಳಿದ್ದೇನೆ.

ಓದಿದ್ದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಡಾಲ್ಮೇಷಿಯನ್ ಕಥೆ. ಆ ತಳಿಯ ನಾಯಿಗಳ ಮೂತ್ರದಲ್ಲಿ ಯೂರಿಕ್ ಆಮ್ಲ ತುಂಬಾ ಜಾಸ್ತಿ, ಅದರಿಂದ ಮೂತ್ರಕೋಶದಲ್ಲಿ ಕಲ್ಲು. ಇಡೀ ತಳಿಯಲ್ಲೇ ಸರಿಯಾದ ಜೀನು ಉಳಿದಿರಲಿಲ್ಲ, ಹಾಗಾಗಿ ತಳಿಯೊಳಗೆ ಎಷ್ಟು ಆರಿಸಿದರೂ ಪ್ರಯೋಜನವಿರಲಿಲ್ಲ. 1973ರಲ್ಲಿ ರಾಬರ್ಟ್ ಷೈಬ್ಲ್ ಅನ್ನುವ ತಳಿವಿಜ್ಞಾನಿ ಒಂದೇ ಒಂದು ಸಲ ಪಾಯಿಂಟರ್ ಅನ್ನುವ ಬೇರೆ ತಳಿಯ ನಾಯಿಯ ಜೊತೆ ಸೇರಿಸಿದರು, ಆಮೇಲೆ ಪ್ರತಿ ತಲೆಮಾರಿನಲ್ಲೂ ಮತ್ತೆ ಡಾಲ್ಮೇಷಿಯನ್‌ಗಳ ಜೊತೆಗೇ. ಚುಕ್ಕೆ, ಮೈಕಟ್ಟು ಎಲ್ಲಾ ಡಾಲ್ಮೇಷಿಯನ್, ಯೂರಿಕ್ ಆಮ್ಲ ಮಾತ್ರ ಬೇರೆ ನಾಯಿಗಳಂತೆ. ಶುದ್ಧತೆ ಹಾಳಾಗುತ್ತದೆ ಅಂತ ತಳಿಯ ಅಭಿಮಾನಿಗಳು ದಶಕಗಳ ಕಾಲ ವಿರೋಧ ಮಾಡಿದರು. ಅಮೆರಿಕನ್ ಕೆನಲ್ ಕ್ಲಬ್ ಇವನ್ನು ಒಪ್ಪಿಕೊಂಡಿದ್ದು 2011ರಲ್ಲಿ. ಒಂದು ಸಲದ ಬೆರಕೆಯಿಂದ ಕಲ್ಲಿನ ನೋವು ತಪ್ಪುವುದಾದರೆ ಅದನ್ನು ಬೇಡ ಅನ್ನುವ ಶುದ್ಧತೆ ಯಾರಿಗೆ ಬೇಕು? ಮೂವತ್ತೆಂಟು ವರ್ಷ ಕಾಯಿಸಿದ್ದು ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ಇನ್ನೊಂದು ಮಾತು, ಡಿಎನ್‌ಎ ರಿಪೋರ್ಟಿನಲ್ಲಿ 'ಕ್ಯಾರಿಯರ್' ಅಂತ ಕಂಡರೆ ಹೆದರಬೇಕಾಗಿಲ್ಲ. ದೋಷವಿರುವ ಜೀನಿನ ಎರಡು ಪ್ರತಿ ಸೇರಿದರೆ ಮಾತ್ರ ಬರುವ ಕಾಯಿಲೆಗಳಲ್ಲಿ ಒಂದು ಪ್ರತಿ ಇರುವ ನಾಯಿ ಆರೋಗ್ಯವಾಗಿಯೇ ಇರುತ್ತದೆ, ಕ್ಲಿಯರ್ ನಾಯಿಯ ಜೊತೆ ಸೇರಿಸಿದರೆ ಮರಿಗಳೂ ಕಾಯಿಲೆ ಬೀಳುವುದಿಲ್ಲ. ಕ್ಯಾರಿಯರ್‌ಗಳನ್ನೆಲ್ಲ ಹೊರಗಿಟ್ಟರೆ ಉಳಿದ ಕೆಲವೇ ನಾಯಿಗಳ ಒಳಗೆ ಸಂಬಂಧ ಇನ್ನೂ ಹತ್ತಿರವಾಗುತ್ತದೆ. ಈಗಲೇ ಪರಿಸ್ಥಿತಿ ಚೆನ್ನಾಗಿಲ್ಲ. 2021ರ ಅಧ್ಯಯನವೊಂದರ ಪ್ರಕಾರ ತಳಿಗಳ ಒಳಸಂಬಂಧದ ಸರಾಸರಿ ಸುಮಾರು 25 ಶೇಕಡಾ, ಒಡಹುಟ್ಟಿದ ಅಣ್ಣ ತಂಗಿ ಸೇರಿ ಮರಿ ಹಾಕಿದಷ್ಟು.

ಸಂಜೆ ಹೊತ್ತಿಗೆ ಗೋಲ್ಡನ್, ಲ್ಯಾಬ್ರಡಾರ್ ಎರಡೇ ಉಳಿದವು. ಮಗಳಿಗೆ ಬೇಜಾರಿದೆ, ಆದರೆ ಬ್ರೀಡರ್‌ಗೆ ಕೇಳುವ ಪ್ರಶ್ನೆಗಳನ್ನು ಬರೆದುಕೊಂಡವಳು ಅವಳೇ. ತಂದೆ ತಾಯಿಯ ಸೊಂಟ ಮತ್ತು ಮೊಣಕೈ ಗ್ರೇಡ್, ಕಣ್ಣಿನ ಪರೀಕ್ಷೆಯ ದಿನಾಂಕ, ಹೃದಯ ನೋಡಿದವರು ಹೃದಯ ತಜ್ಞರೇ ಅಥವಾ ಸಾಮಾನ್ಯ ವೈದ್ಯರೇ, ತಾಯಿಯನ್ನು ನಾವು ನೋಡಬಹುದೇ. ಕೊನೆಯದು ನಾನು ಸೇರಿಸಿದ್ದು: ಅಜ್ಜ ಅಜ್ಜಿಯರು ಬದುಕಿದ್ದಾರಾ, ಇಲ್ಲದಿದ್ದರೆ ಎಷ್ಟನೇ ವಯಸ್ಸಿನಲ್ಲಿ ಯಾವುದರಿಂದ ಹೋದರು? ಕ್ಯಾನ್ಸರ್‌ಗೆ ಟೆಸ್ಟ್ ಇಲ್ಲದಿರುವಾಗ ನಮಗೆ ಸಿಗುವ ಸುಳಿವು ಇದೊಂದೇ. ನಾಳೆ ಇಬ್ಬರು ಬ್ರೀಡರ್‌ಗಳಿಗೆ ಫೋನ್ ಮಾಡಬೇಕು. ಮರಿಗಳ ಫೋಟೋ ಮಾತ್ರ ಕಳಿಸಿ ಈ ಪ್ರಶ್ನೆಗಳಿಗೆ ಉತ್ತರ ಕೊಡದವರ ಹತ್ತಿರ ಹೋಗುವುದಿಲ್ಲ ಅಂತ ಮೂವರೂ ಒಪ್ಪಿದ್ದಾರೆ, ತಮ್ಮನೂ ಸೇರಿ.